ಕತ್ತಿ ಕೆಂಪಾದರೆ ಸುಣ್ಣ ಸಾಲದು

ಜೂನ್ ತಿಂಗಳು ಬಂತೆಂದರೆ ಮಲೆನಾಡಿನಲ್ಲಿ ಎರಡು ಕೆಲಸಗಳು ಹೆಚ್ಚುಕಡಿಮೆ ಒಟ್ಟಿಗೇ ಆರಂಭವಾಗುತ್ತವೆ. ಮೊದಲನೆಯದು ಶಾಲೆ. ಹತ್ತನೆಯ ತರಗತಿಯ ಮಕ್ಕಳು ವಿಜ್ಞಾನದ ಹೊಸ ಪುಸ್ತಕ ತೆರೆದರೆ, ಈಚಿನ ವರ್ಷಗಳಲ್ಲಿ ಮೊದಲ ಅಧ್ಯಾಯವಾಗಿ ಎದುರಾಗುವುದು ರಾಸಾಯನಿಕ ಕ್ರಿಯೆಗಳು ಮತ್ತು ಅವುಗಳ ಸಮೀಕರಣಗಳು. ಎರಡನೆಯದು ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಕೆಲಸ. ಮಳೆ ಹಿಡಿಯುವ ಮೊದಲೇ ಗೊನೆಗಳಿಗೆ ಬೋರ್ಡೋ ದ್ರಾವಣ ಬೀಳಬೇಕು. ಇಲ್ಲವಾದರೆ ಕೊಳೆರೋಗ ಬಂದು, ಬಲಿಯುವ ಮೊದಲೇ ಕಾಯಿ ಉದುರಿ ತೋಟದ ನೆಲ ಹಸಿರಾಗುತ್ತದೆ. ಮಗು ಒಳಗಿನ ಕೋಣೆಯಲ್ಲಿ ಕುಳಿತು "ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ" ಎಂದು ಬಾಯಿಪಾಠ ಮಾಡುತ್ತಿರುತ್ತದೆ. ಹೊರಗೆ ಅಂಗಳದಲ್ಲಿ ಅಪ್ಪ ಡ್ರಮ್ಮಿನಲ್ಲಿ ಸುಣ್ಣವನ್ನೂ ಮೈಲುತುತ್ತವನ್ನೂ ಕಲಸುತ್ತಿರುತ್ತಾನೆ. ಒಳಗೆ ಓದುತ್ತಿರುವುದೂ ಹೊರಗೆ ನಡೆಯುತ್ತಿರುವುದೂ ಒಂದೇ ಎಂದು ಆ ಮಗುವಿಗೆ ಹೇಳುವವರು ಬಹಳ ಕಡಿಮೆ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ರಾಸಾಯನಿಕ ಕ್ರಿಯೆಗಳ ವಿಧಗಳು ವಸ್ತುಗಳನ್ನು ತುಂಬಿಡುವ ಡಬ್ಬಿಗಳಲ್ಲ, ನಾವು ವಸ್ತುಗಳಿಗೆ ಕೇಳುವ ಪ್ರಶ್ನೆಗಳು. ನಾಲ್ಕು ಹೆಸರುಗಳನ್ನು ಕಲಿಸಿ, ನಾಲ್ಕು ಉದಾಹರಣೆಗಳನ್ನು ಬರೆಸಿ, ಪರೀಕ್ಷೆಯಲ್ಲಿ "ಇದು ಯಾವ ವಿಧದ ಕ್ರಿಯೆ?" ಎಂದು ಕೇಳಿ ಎರಡು ಅಂಕ ಕೊಡುವ ಪದ್ಧತಿಯಿಂದ ಮಕ್ಕಳಿಗೆ ಅಂಕ ಸಿಗುತ್ತದೆ, ರಸಾಯನಶಾಸ್ತ್ರ ಸಿಗುವುದಿಲ್ಲ. ನಿಮ್ಮಲ್ಲಿ ಹಲವರು ಈಗ ಹತ್ತನೆಯ ತರಗತಿಯ ಮಕ್ಕಳ ತಂದೆತಾಯಿಗಳು; ಕೆಲವರು ಸ್ವತಃ ಅಧ್ಯಾಪಕರು. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಈ ದ್ರಾವಣದ ಪೂರ್ವಕಥೆಯನ್ನು ನೋಡೋಣ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ಮೆದೋಕ್ ಎಂಬಲ್ಲಿ ದಾರಿಬದಿಯ ದ್ರಾಕ್ಷಿ ಬಳ್ಳಿಗಳಿಗೆ ರೈತರು ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಎರಚುತ್ತಿದ್ದರು. ಅದು ರೋಗಕ್ಕಲ್ಲ, ಕಳ್ಳರಿಗೆ. ನೀಲಿ ಬಣ್ಣ ಬಳಿದ ಹಣ್ಣನ್ನು ದಾರಿಹೋಕರು ವಿಷವೆಂದು ಭಾವಿಸಿ ಮುಟ್ಟಬಾರದೆಂಬುದು ಉದ್ದೇಶ. 1882ರಲ್ಲಿ ಸಸ್ಯವಿಜ್ಞಾನಿ ಪಿಯರ್ ಮಿಯಾರ್ದೆ ಆ ದಾರಿಯಲ್ಲಿ ಹೋಗುವಾಗ ಒಂದು ಸಂಗತಿಯನ್ನು ಗಮನಿಸಿದರು. ಬೂಜುರೋಗದಿಂದ ಉಳಿದ ಬಳ್ಳಿಗಳ ಎಲೆಯೆಲ್ಲ ಉದುರಿದ್ದರೂ ದಾರಿಬದಿಯ ಈ ಬಳ್ಳಿಗಳು ಮಾತ್ರ ಹಸಿರಾಗಿದ್ದವು. ಅವರು ಪ್ರಯೋಗ ನಡೆಸಿ 1885ರಲ್ಲಿ ಈ ಮಿಶ್ರಣವನ್ನು ಜಗತ್ತಿಗೆ ತಿಳಿಸಿದರು. ನಮ್ಮ ಕಡೆಗೆ ಅದು ಬಂದ ದಾರಿಯೂ ನೆನಪಿಡತಕ್ಕದ್ದೇ. ಕೆನಡಾದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಪ್ರಯೋಗಿಸಿ ತೋರಿಸಿದರು. ಮುಂದೆ ಅವರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರೂ ಆದರು. ಅದಕ್ಕೂ ಮೊದಲು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವುದೇ ನಮ್ಮ ಹಿರಿಯರಿಗೆ ಗೊತ್ತಿದ್ದ ಉಪಾಯ.

ಶೇಕಡಾ ಒಂದರ ದ್ರಾವಣಕ್ಕೆ ಲೆಕ್ಕ ಸರಳ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿಯೂ ಸುಣ್ಣವನ್ನು ಇನ್ನೈವತ್ತು ಲೀಟರಿನಲ್ಲಿಯೂ ಬೇರೆಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕಲಕಬೇಕು. ಈ ಒಂದು ಡ್ರಮ್ಮಿನ ಹಿಂದೆ ಪಠ್ಯಪುಸ್ತಕದ ನಾಲ್ಕೂ ವಿಧಗಳಿವೆ. ಒಂದೊಂದಾಗಿ ನೋಡೋಣ.

ಸುಣ್ಣ ಎಲ್ಲಿಂದ ಬಂತು? ಬಯಲುಸೀಮೆಯಲ್ಲಿ ಸುಣ್ಣದ ಕಲ್ಲಿನಿಂದ, ಕರಾವಳಿಯಲ್ಲಿ ಚಿಪ್ಪಿನಿಂದ. ಕಲ್ಲಾಗಲಿ ಚಿಪ್ಪಾಗಲಿ, ಒಳಗಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಒಂದು ವಸ್ತು ಒಡೆದು ಎರಡಾಯಿತು, ಇದು ವಿಭಜನೆ. ನೂರು ಗ್ರಾಂ ಶುದ್ಧ ಸುಣ್ಣದ ಕಲ್ಲಿನಿಂದ 56 ಗ್ರಾಂ ಸುಟ್ಟ ಸುಣ್ಣ ಬರುತ್ತದೆ, 44 ಗ್ರಾಂ ಗಾಳಿಗೆ ಹೋಗುತ್ತದೆ. ಕಲ್ಲಿನಲ್ಲಿ ಗಾಳಿ ಅಡಗಿದೆ ಎಂಬ ಈ ಸಂಗತಿಯನ್ನು ತೂಕ ಮಾಡಿ ತೋರಿಸಿದವರು ಸ್ಕಾಟ್ಲೆಂಡಿನ ಜೋಸೆಫ್ ಬ್ಲಾಕ್. ಅವರ ಪ್ರಬಂಧ ಪ್ರಕಟವಾದದ್ದು 1756ರಲ್ಲಿ. ಇಂದು ನಮ್ಮ ಕಲಬುರಗಿ ಜಿಲ್ಲೆಯ ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ನಡೆಯುವುದೂ ಮೂಲತಃ ಇದೇ ವಿಭಜನೆಯೇ. ಸಿಮೆಂಟ್ ತಯಾರಿಕೆಯಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಉರುವಲಿನದಲ್ಲ, ಕಲ್ಲಿನ ಒಳಗಿನದು. "ವಿಭಜನೆಗೆ ಒಂದು ಉದಾಹರಣೆ ಕೊಡಿ" ಎಂದು ಬಾಯಿಪಾಠ ಮಾಡಿದ ಮಗುವಿಗೆ ಇದು ತಿಳಿದಿರುವುದಿಲ್ಲ. ಕಲ್ಲಿನಿಂದ ಏನು ಹೊರಟಿತು, ಎಲ್ಲಿಗೆ ಹೋಯಿತು ಎಂದು ಕೇಳಿಕೊಂಡ ಮಗು ಹವಾಮಾನ ಬದಲಾವಣೆಯ ಒಂದು ಪಾಠವನ್ನೂ ಅಲ್ಲಿಯೇ ಕಲಿತಿರುತ್ತದೆ.

ಮುಂದಿನದು ಸುಣ್ಣ ಅರಳಿಸುವ ಕೆಲಸ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬುಸುಗುಟ್ಟಿ, ಬಿರಿದು, ಹಬೆಯಾಡಿ, ಹುಡಿಯಾಗುತ್ತದೆ. ಎರಡು ವಸ್ತು ಸೇರಿ ಒಂದಾಯಿತು, ಇದು ಸಂಯೋಗ. ಐವತ್ತಾರು ಗ್ರಾಂ ಸುಟ್ಟ ಸುಣ್ಣ 18 ಗ್ರಾಂ ನೀರನ್ನು ಹಿಡಿದುಕೊಂಡು 74 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಆಗ ಸುಮಾರು 65 ಕಿಲೋಜೂಲ್ ಶಾಖ ಹೊರಬರುತ್ತದೆ. ಅಷ್ಟೂ ಶಾಖ ನೀರಿಗೇ ಹೋಯಿತೆಂದು ಭಾವಿಸಿದರೆ, ಒಂದು ದೊಡ್ಡ ಲೋಟದಷ್ಟು, ಅಂದರೆ ಸುಮಾರು 200 ಗ್ರಾಂ, ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅದು ಸಾಕು. ಭಟ್ಟಿಯಲ್ಲಿ ಕಲ್ಲು ನುಂಗಿದ ಶಾಖದ ಒಂದು ಪಾಲು ಹೀಗೆ ಅಂಗಳದಲ್ಲಿ ಹೊರಬರುತ್ತದೆ. ಬಹಿರುಷ್ಣಕ ಎಂಬ ಪದವನ್ನು ಮರೆತರೂ ಚಿಂತೆಯಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನ ತಳ ಏಕೆ ಮೆತ್ತಗಾಗುತ್ತದೆ, ಸುಣ್ಣದ ಮೇಲೆ ಬಗ್ಗಿ ಏಕೆ ನೋಡಬಾರದು ಎಂಬುದು ತಿಳಿದರೆ ಆ ಪದದ ಅರ್ಥ ತಿಳಿದಂತೆಯೇ.

ಈಗ ಎರಡೂ ನೀರನ್ನು ಸೇರಿಸುವ ಹೊತ್ತು. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಅದರ ತಾಮ್ರ ಸುಣ್ಣದ ಹೈಡ್ರಾಕ್ಸೈಡಿನ ಜೊತೆ ಸೇರುತ್ತದೆ. ಅದರ ಸಲ್ಫೇಟು ಸುಣ್ಣದ ಕ್ಯಾಲ್ಸಿಯಮ್ಮಿನ ಜೊತೆ ಹೋಗುತ್ತದೆ. ಎರಡು ಜೋಡಿಗಳು ಸಂಗಾತಿಗಳನ್ನು ಅದಲುಬದಲು ಮಾಡಿಕೊಂಡವು, ಇದು ದ್ವಿಸ್ಥಾನಪಲ್ಲಟ. ಆಕಾಶನೀಲಿ ಬಣ್ಣದ, ಮೊಸರಿನಂತಹ ನುಣ್ಣನೆಯ ಪದಾರ್ಥ ಕಾಣಿಸುವುದು ಆಗಲೇ. ಪಠ್ಯದಲ್ಲಿ ಅದನ್ನು ತಾಮ್ರದ ಹೈಡ್ರಾಕ್ಸೈಡ್ ಎಂದು ಬರೆದರೆ ಸಾಕು. ವಾಸ್ತವದಲ್ಲಿ ಅದು ಅಷ್ಟು ಸರಳವಲ್ಲ. ತಾಮ್ರ, ಹೈಡ್ರಾಕ್ಸೈಡ್ ಮತ್ತು ಸಲ್ಫೇಟ್ ಮೂರೂ ಕೂಡಿದ ಸಂಯುಕ್ತಗಳು ಅದರಲ್ಲಿರುತ್ತವೆ. ಪುಸ್ತಕದ ಒಂದು ಸಾಲಿನ ಸಮೀಕರಣ ಊರಿಗೆ ದಾರಿ ತೋರಿಸುವ ಕೈಮರವೇ ಹೊರತು ಊರಲ್ಲ.

ಇಲ್ಲಿ ಮಕ್ಕಳು ಸಾಮಾನ್ಯವಾಗಿ ಎಡವುವ ಒಂದು ಜಾಗವಿದೆ. ದ್ವಿಸ್ಥಾನಪಲ್ಲಟ ಎಂದರೆ ಜೋಡಿ ಬದಲಾಯಿಸಿ ಬರೆಯುವುದು ಎಂದು ಕಲಿತ ಮಗು, ಕಾಗದದ ಮೇಲೆ ಯಾವ ಎರಡು ಲವಣಗಳನ್ನು ಕೊಟ್ಟರೂ ಬದಲಾಯಿಸಿ ಬರೆದುಬಿಡುತ್ತದೆ. ಅಡುಗೆ ಉಪ್ಪಿನ ನೀರಿಗೆ ಪೊಟ್ಯಾಸಿಯಂ ನೈಟ್ರೇಟಿನ ನೀರನ್ನು ಹೊಯ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ನಾಲ್ಕೂ ಅಯಾನುಗಳು ನೀರಿನಲ್ಲಿ ಮೊದಲಿನಂತೆಯೇ ಓಡಾಡಿಕೊಂಡಿರುತ್ತವೆ. ಕ್ರಿಯೆ ನಡೆಯಬೇಕಾದರೆ ಹೊಸ ಜೋಡಿಗಳಲ್ಲಿ ಒಂದಾದರೂ ದ್ರಾವಣದ ಆಟದಿಂದ ಹೊರಗೆ ಹೋಗಬೇಕು: ಕರಗದೆ ಪ್ರಕ್ಷೇಪವಾಗಿ ನಿಲ್ಲಬೇಕು, ಅನಿಲವಾಗಿ ಹಾರಿಹೋಗಬೇಕು, ಅಥವಾ ನೀರಾಗಿಬಿಡಬೇಕು. ಬೋರ್ಡೋ ದ್ರಾವಣದಲ್ಲಿ ತಾಮ್ರದ ಸಂಯುಕ್ತ ಕರಗುವುದಿಲ್ಲ. ಆದ್ದರಿಂದಲೇ ಕ್ರಿಯೆ ಮುಂದೆ ಸಾಗುತ್ತದೆ. ಆದ್ದರಿಂದಲೇ ಆ ಔಷಧಿ ಮಲೆನಾಡಿನ ಮಳೆಯಲ್ಲಿ ಒಂದೇ ದಿನಕ್ಕೆ ತೊಳೆದುಹೋಗದೆ ಕಾಯಿಗೆ ಅಂಟಿಕೊಂಡು, ಸ್ವಲ್ಪಸ್ವಲ್ಪವೇ ತಾಮ್ರವನ್ನು ಬಿಟ್ಟುಕೊಡುತ್ತ, ರೋಗಾಣುವಿನ ಬೀಜಕಣ ಮೊಳೆಯದಂತೆ ತಡೆಯುತ್ತದೆ. ಬರಿಯ ಮೈಲುತುತ್ತದ ನೀರನ್ನು ಹೊಡೆದರೆ ತಾಮ್ರವೆಲ್ಲ ಒಮ್ಮೆಲೇ ಸಿಕ್ಕು ಎಳೆಯ ಕಾಯಿ, ಹಿಂಗಾರ ಸುಡುತ್ತವೆ. ಮರುದಿನದ ಮಳೆಗೆ ಉಳಿದದ್ದೂ ಹೋಗುತ್ತದೆ.

ಇನ್ನು ನಾಲ್ಕನೆಯದು, ಸ್ಥಾನಪಲ್ಲಟ. ಇದನ್ನು ಹೇಳುವಾಗ ನನಗೆ ಒಬ್ಬ ವಿದ್ಯಾರ್ಥಿಯ ನೆನಪಾಗುತ್ತದೆ. ಹೆಸರು ಬೇಡ, ಈಗ ಒಳ್ಳೆಯ ತೋಟಗಾರನಾಗಿದ್ದಾನೆ. ಕಿರುಪರೀಕ್ಷೆಯಲ್ಲಿ "ಸ್ಥಾನಪಲ್ಲಟ ಕ್ರಿಯೆಗೆ ಉದಾಹರಣೆ ಕೊಡಿ" ಎಂಬ ಪ್ರಶ್ನೆಗೆ ಅವನು ಖಾಲಿ ಜಾಗ ಬಿಟ್ಟಿದ್ದ. ಕೆಲವು ದಿನಗಳ ನಂತರ ತರಗತಿಯಲ್ಲಿ ಕಬ್ಬಿಣದ ಮೊಳೆಯನ್ನು ಮೈಲುತುತ್ತದ ದ್ರಾವಣಕ್ಕೆ ಇಳಿಬಿಟ್ಟೆವು. ಮೊಳೆಯ ಮೇಲೆ ಕೆಂಪು ಲೇಪ ಬರುವ ಮೊದಲೇ ಹಿಂದಿನ ಬೆಂಚಿನಿಂದ ಅವನ ಧ್ವನಿ ಬಂತು: "ಸರ್, ಕೆಂಪಾಗ್ತದೆ. ನಮ್ಮಪ್ಪ ದಿನಾ ನೋಡ್ತಾರೆ. ಕತ್ತಿ ಕೆಂಪಾದ್ರೆ ಸುಣ್ಣ ಸಾಲದು ಅಂತ ಅರ್ಥ." ಇಡೀ ತರಗತಿ ನಕ್ಕಿತು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಪ್ರಯೋಗಶಾಲೆಯ ಪಾಠವನ್ನು ಅವನ ತಂದೆ ಅಂಗಳದಲ್ಲಿ ನಿತ್ಯದ ಉಪಯೋಗಕ್ಕೆ ತಂದಿದ್ದರು.

ಆ ಮಾತನ್ನು ಬಿಡಿಸಿ ನೋಡಿ. ಸಿದ್ಧವಾದ ಬೋರ್ಡೋ ದ್ರಾವಣದಲ್ಲಿ ಉಜ್ಜಿ ಹೊಳೆಯುವಂತೆ ಮಾಡಿದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿ ತೆಗೆಯುತ್ತಾರೆ. ಸುಣ್ಣ ಸಾಕಷ್ಟಿದ್ದರೆ ತಾಮ್ರವೆಲ್ಲ ಪ್ರಕ್ಷೇಪದಲ್ಲಿ ಬಂಧಿಯಾಗಿರುತ್ತದೆ, ಕತ್ತಿ ಹಾಗೆಯೇ ಇರುತ್ತದೆ. ಸುಣ್ಣ ಕಡಿಮೆಯಾಗಿದ್ದರೆ ಬಿಡಿ ತಾಮ್ರದ ಅಯಾನುಗಳು ನೀರಿನಲ್ಲಿ ಉಳಿದಿರುತ್ತವೆ. ಕಬ್ಬಿಣವು ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ ಲೋಹ. ಅದು ತಾನು ದ್ರಾವಣಕ್ಕೆ ಇಳಿದು ತಾಮ್ರವನ್ನು ಹೊರಗೆ ತಳ್ಳುತ್ತದೆ. ಹಾಗೆ ಹೊರಬಂದ ತಾಮ್ರವೇ ಕತ್ತಿಯ ಮೇಲಿನ ಕೆಂಪು. ಪ್ರತಿ 56 ಗ್ರಾಂ ಕಬ್ಬಿಣ ಕರಗಿದರೆ ಸುಮಾರು 63.5 ಗ್ರಾಂ ತಾಮ್ರ ಹೊರಬರಬೇಕು. ಮೈಲುತುತ್ತವನ್ನು ಕಬ್ಬಿಣದ ಅಥವಾ ಸತುವಿನ ಲೇಪವಿರುವ ಬಕೆಟ್ಟಿನಲ್ಲಿ ಕರಗಿಸಬಾರದು ಎಂಬ ನಿಯಮಕ್ಕೂ ಇದೇ ಕಾರಣ. ಬಕೆಟ್ಟು ಸವೆಯುವುದು ಒಂದು ನಷ್ಟ. ಗೊನೆಗೆ ಸೇರಬೇಕಾದ ತಾಮ್ರ ಬಕೆಟ್ಟಿನ ಗೋಡೆಗೆ ಸೇರುವುದು ಇನ್ನೊಂದು ನಷ್ಟ. ಹಳೆಯ ಮನೆಗಳಲ್ಲಿ ತಾಮ್ರದ ಹಂಡೆಯಲ್ಲಿ ಕರಗಿಸಿದರೆ ಏನೂ ಆಗುತ್ತಿರಲಿಲ್ಲ, ಏಕೆಂದರೆ ತಾಮ್ರ ತಾಮ್ರವನ್ನು ತಳ್ಳುವ ಪ್ರಶ್ನೆಯೇ ಇಲ್ಲ. ಈಗ ಪ್ಲಾಸ್ಟಿಕ್ ಡ್ರಮ್ಮು ಬಂದು ಆ ಚಿಂತೆಯನ್ನು ತಪ್ಪಿಸಿದೆ. ಜೊತೆಗೆ ಆ ತಿಳಿವಳಿಕೆಯ ಅವಕಾಶವನ್ನೂ.

ಹೀಗೆ ನಾಲ್ಕು ವಿಧಗಳೂ ಒಂದೇ ಅಂಗಳದಲ್ಲಿ ಸಿಕ್ಕಿದವು. ಆದರೆ ಇಲ್ಲಿಗೇ ನಿಲ್ಲಿಸಿದರೆ ನಾನೂ ಡಬ್ಬಿಗಳನ್ನು ತುಂಬಿದಂತಾಗುತ್ತದೆ. ಆದ್ದರಿಂದ ಎರಡು ತೊಡಕುಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯ ತೊಡಕು: ಉತ್ಕರ್ಷಣ ಮತ್ತು ಅಪಕರ್ಷಣ. ಪುಸ್ತಕದಲ್ಲಿ ಇವು ನಾಲ್ಕು ವಿಧಗಳ ನಂತರ ಬರುವುದರಿಂದ ಮಕ್ಕಳು ಇದನ್ನು ಐದನೆಯ ವಿಧವೆಂದು ಎಣಿಸುತ್ತಾರೆ. ಅದು ಐದನೆಯ ಡಬ್ಬಿಯಲ್ಲ, ಬೇರೆಯೇ ಒಂದು ಲೆಕ್ಕ. ಮೊದಲಿನ ನಾಲ್ಕು ವಿಧಗಳಲ್ಲಿ ನಾವು ಕೇಳುವುದು ಸಂಬಂಧದ ಪ್ರಶ್ನೆ: ಯಾರು ಯಾರ ಜೊತೆಗಿದ್ದರು, ಈಗ ಯಾರ ಜೊತೆಗಿದ್ದಾರೆ? ಉತ್ಕರ್ಷಣ-ಅಪಕರ್ಷಣದಲ್ಲಿ ಕೇಳುವುದು ಕೊಡುಕೊಳ್ಳುವ ಪ್ರಶ್ನೆ: ಎಲೆಕ್ಟ್ರಾನ್ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು? ಕತ್ತಿಯ ಕಬ್ಬಿಣ ಎರಡು ಎಲೆಕ್ಟ್ರಾನ್ ಕೊಟ್ಟಿತು, ತಾಮ್ರದ ಅಯಾನು ತೆಗೆದುಕೊಂಡಿತು. ಆದ್ದರಿಂದ ಆ ಕ್ರಿಯೆ ಸ್ಥಾನಪಲ್ಲಟವೂ ಹೌದು, ಉತ್ಕರ್ಷಣ-ಅಪಕರ್ಷಣವೂ ಹೌದು. ಲೋಹವೊಂದು ಇನ್ನೊಂದನ್ನು ತಳ್ಳುವ ಎಲ್ಲ ಸ್ಥಾನಪಲ್ಲಟಗಳೂ ಹೀಗೆಯೇ. ಬೋರ್ಡೋ ದ್ರಾವಣದಂತಹ ದ್ವಿಸ್ಥಾನಪಲ್ಲಟದಲ್ಲಿ ಸಂಗಾತಿಗಳು ಬದಲಾದರೂ ಎಲೆಕ್ಟ್ರಾನ್ ಕೈಬದಲಾಗುವುದಿಲ್ಲ. ಸಂಯೋಗದಲ್ಲಿ ಎರಡೂ ಬಗೆಯಿವೆ: ಭಟ್ಟಿಯಲ್ಲಿ ಇದ್ದಿಲು ಆಮ್ಲಜನಕದೊಡನೆ ಸೇರಿ ಉರಿಯುವುದರಲ್ಲಿ ಕೊಡುಕೊಳ್ಳುವಿಕೆ ಇದೆ, ಸುಟ್ಟ ಸುಣ್ಣ ನೀರಿನೊಡನೆ ಸೇರುವುದರಲ್ಲಿ ಇಲ್ಲ. ಒಂದೇ ಊರಿನವರನ್ನು ಕೇರಿಯ ಪ್ರಕಾರವೂ ಎಣಿಸಬಹುದು, ಕಸುಬಿನ ಪ್ರಕಾರವೂ ಎಣಿಸಬಹುದು. ಒಂದು ಎಣಿಕೆ ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ.

ಹೆಸರನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಭಾಷೆಯಲ್ಲಿಯೇ ಒಂದು ಸೊಗಸಾದ ಸಾಕ್ಷಿಯಿದೆ. ಆಮ್ಲಜನಕ ಎಂಬ ಪದಕ್ಕೆ ಆಮ್ಲವನ್ನು ಹುಟ್ಟಿಸುವುದು ಎಂದರ್ಥ. ಫ್ರಾನ್ಸಿನ ಲವಾಸಿಯೇ ಕೊಟ್ಟ ಹೆಸರಿನ ಅರ್ಥವನ್ನೇ ನಾವು ಕನ್ನಡಕ್ಕೆ ತಂದುಕೊಂಡೆವು. ಎಲ್ಲ ಆಮ್ಲಗಳಲ್ಲಿಯೂ ಆ ಅನಿಲವಿದೆಯೆಂದು ಲವಾಸಿಯೇ ನಂಬಿದ್ದರು. ಇಂದು ಹೈಡ್ರೊಕ್ಲೋರಿಕ್ ಆಮ್ಲವೆಂದು ಕರೆಯುವ ಪದಾರ್ಥದಲ್ಲಿ ಅದು ಇಲ್ಲವೇ ಇಲ್ಲವೆಂದು ಇಂಗ್ಲೆಂಡಿನ ಹಂಫ್ರಿ ಡೇವಿ 1810ರಲ್ಲಿ ವಾದಿಸಿದರು. ಅದೇ ಸರಿಯೆಂದು ಸ್ಥಿರವಾಯಿತು. ನಂಬಿಕೆ ಬಿದ್ದುಹೋಯಿತು, ಹೆಸರು ಉಳಿಯಿತು. ಉತ್ಕರ್ಷಣವೆಂದರೆ ಆಮ್ಲಜನಕ ಸೇರುವುದು ಎಂಬ ಮೊದಲಿನ ಅರ್ಥವೂ ಹಾಗೆಯೇ ವಿಸ್ತಾರಗೊಂಡಿತು. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ ಮೇಲೆ ಆ ಪದಕ್ಕೆ ಆಳವಾದ ಅರ್ಥ ಸಿಕ್ಕಿತು. ಕತ್ತಿ ಮತ್ತು ತಾಮ್ರದ ನಡುವೆ ಆಮ್ಲಜನಕದ ಪಾತ್ರವೇ ಇಲ್ಲದಿದ್ದರೂ ಅಲ್ಲಿ ಉತ್ಕರ್ಷಣ ನಡೆದಿದೆ. ಹೆಸರು ಹಿಡಿದು ಕುಳಿತವನಿಗೆ ಇದು ಗೊಂದಲ. ಪ್ರಶ್ನೆ ಹಿಡಿದವನಿಗೆ ಸಹಜ.

ಎರಡನೆಯ ತೊಡಕು ಇನ್ನೂ ರುಚಿಯಾದದ್ದು. ಸುಣ್ಣದ ಲೆಕ್ಕಕ್ಕೆ ಬನ್ನಿ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 360 ಗ್ರಾಂ ಹರಳಿನೊಳಗಿನ ನೀರೇ ಇದೆ. ತಾಮ್ರ ಇರುವುದು ಸುಮಾರು 254 ಗ್ರಾಂ. ಅಷ್ಟು ತಾಮ್ರವನ್ನು ಹೈಡ್ರಾಕ್ಸೈಡ್ ಆಗಿ ಬಂಧಿಸಲು ಶುದ್ಧ ಸುಟ್ಟ ಸುಣ್ಣ ಸುಮಾರು 225 ಗ್ರಾಂ ಸಾಕು. ಹಾಗಿದ್ದರೆ ಒಂದು ಕಿಲೋ ಏಕೆ? ಒಂದು ಕಾರಣ, ದ್ರಾವಣವು ಸುಣ್ಣದ ಕಡೆಗೇ ವಾಲಿಕೊಂಡಿದ್ದರೆ ಬಿಡಿ ತಾಮ್ರ ಉಳಿಯುವ ಭಯವಿಲ್ಲ. ಇನ್ನೊಂದು, ಅಂಗಡಿಯ ಸುಣ್ಣ ಶುದ್ಧವಲ್ಲ. ತೆರೆದಿಟ್ಟ ಸುಣ್ಣ ದಿನಗಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟೇ ಆಗಿಬಿಡುತ್ತದೆ. ಭಟ್ಟಿಗೆ ಹೋಗುವ ಮೊದಲು ಅದು ಏನಾಗಿತ್ತೋ ಅದೇ. ನೂರು ಗ್ರಾಂ ಕಲ್ಲು 56 ಆಯಿತು, 74 ಆಯಿತು, ಗಾಳಿಗೆ ಹೋದ 44 ಗ್ರಾಮನ್ನು ಹಿಂದಕ್ಕೆ ಪಡೆದು 18 ಗ್ರಾಂ ನೀರನ್ನು ಬಿಟ್ಟುಕೊಟ್ಟು ಮತ್ತೆ ನೂರು ಆಯಿತು. ಹಳೆಯ ಸುಣ್ಣ ತಂದವನ ಕತ್ತಿ ಕೆಂಪಾಗುವುದು ಇದರಿಂದಲೇ. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದೂ ಇದರಿಂದಲೇ.

ಈಗ ಹೇಳಿ, ಈ ಕೊನೆಯ ಕ್ರಿಯೆ ನಾಲ್ಕರಲ್ಲಿ ಯಾವ ವಿಧ? ಎರಡು ವಸ್ತು ಸೇರಿವೆ. ಆದರೆ ಹುಟ್ಟಿದ್ದು ಒಂದಲ್ಲ, ಎರಡು: ಕಾರ್ಬೊನೇಟ್ ಮತ್ತು ನೀರು. ಆದ್ದರಿಂದ ಸಂಯೋಗವೆನ್ನಲಾಗದು. ವಿಭಜನೆಯಂತೂ ಅಲ್ಲ. ಒಂದು ಧಾತು ಇನ್ನೊಂದನ್ನು ತಳ್ಳಿಲ್ಲ. ಜೋಡಿಗಳ ಅದಲುಬದಲು ಎನ್ನಲೂ ಕಷ್ಟ. ಆಮ್ಲೀಯ ಆಕ್ಸೈಡೊಂದು ಪ್ರತ್ಯಾಮ್ಲದೊಡನೆ ಸೇರಿ ಲವಣ ಮತ್ತು ನೀರಾಯಿತು ಎಂದರೆ ಮಾತ್ರ ಸರಿಹೊಂದುತ್ತದೆ. ಅದು ತಟಸ್ಥೀಕರಣದ ದಾರಿ. ನಮ್ಮ ಮನೆಯ ಗೋಡೆಯ ಮೇಲೆಯೇ ನಡೆಯುವ ಕ್ರಿಯೆಗೆ ನಾಲ್ಕು ಡಬ್ಬಿಗಳಲ್ಲಿ ಜಾಗವಿಲ್ಲ. ಡಬ್ಬಿ ತಪ್ಪೆಂದು ಇದರ ಅರ್ಥವಲ್ಲ. ಡಬ್ಬಿಗಳನ್ನು ಮಾಡಿದವರು ಮನುಷ್ಯರು, ಪ್ರಕೃತಿಯಲ್ಲ ಎಂಬುದಷ್ಟೇ ಅರ್ಥ.

ನನ್ನ ಈ ಮಾತಿಗೆ ಬರಬಹುದಾದ ಆಕ್ಷೇಪ ನನಗೆ ಗೊತ್ತಿದೆ. ಅಧ್ಯಾಪಕರಾಗಿರುವ ನನ್ನ ಶಿಷ್ಯರೇ ಹೇಳುತ್ತಾರೆ: "ಸರ್, ಅರವತ್ತು ಮಕ್ಕಳ ತರಗತಿ, ಪ್ರಯೋಗಶಾಲೆಯಲ್ಲಿ ಎರಡೇ ಬರ್ನರ್, ಮುಗಿಸಬೇಕಾದ ಪಾಠಗಳ ಪಟ್ಟಿ. ಕನಿಷ್ಠ ಹೆಸರುಗಳಾದರೂ ಬಂದರೆ ಮಗು ಪಾಸಾಗುತ್ತದೆ." ಈ ಮಾತಿನಲ್ಲಿ ಸತ್ಯವಿದೆ. ಹೆಸರುಗಳು ಬೇಡವೆಂದು ನಾನು ಹೇಳುತ್ತಿಲ್ಲ. ವರ್ಗೀಕರಣವಿಲ್ಲದೆ ವಿಜ್ಞಾನವಿಲ್ಲ, ಲಕ್ಷಾಂತರ ಕ್ರಿಯೆಗಳನ್ನು ಒಂದೊಂದಾಗಿ ನೆನಪಿಡಲು ಯಾರಿಂದಲೂ ಆಗದು. ಹೆಸರು ತಿಳಿದವನು ಕಾಣದ ಕ್ರಿಯೆಯ ಫಲವನ್ನೂ ಊಹಿಸಬಲ್ಲ. ನನ್ನ ತಕರಾರು ಕ್ರಮದ ಬಗ್ಗೆ. ಮಗು ಮೊದಲು ಕಾಣಬೇಕು, ಆಮೇಲೆ ಕೇಳಬೇಕು, ಕೊನೆಗೆ ಹೆಸರಿಡಬೇಕು. ನಾವು ಹೆಸರಿನಿಂದ ಹೊರಟು ಹೆಸರಿನಲ್ಲಿಯೇ ಮುಗಿಸುತ್ತೇವೆ. ಇನ್ನು ಬರ್ನರಿನ ಕೊರತೆಯ ಮಾತು. ಒಂದು ಮೊಳೆ, ಒಂದು ಚಿಟಿಕೆ ಮೈಲುತುತ್ತ, ಒಂದು ಗಾಜಿನ ಲೋಟಕ್ಕೆ ಯಾವ ಅನುದಾನವೂ ಬೇಕಾಗಿಲ್ಲ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ಅದು ಹಾಲಿನಂತಾಗುವುದನ್ನು ಅರವತ್ತು ಮಕ್ಕಳೂ ಏಕಕಾಲದಲ್ಲಿ ನೋಡಬಹುದು. ಹೀರದೆ ಊದಬೇಕೆಂದು ಮೊದಲೇ ಹೇಳಿದರಾಯಿತು.

ಪ್ರಶ್ನೆಪತ್ರಿಕೆಯಲ್ಲಿ ಆಗಬೇಕಾದ ಬದಲಾವಣೆಯೂ ದೊಡ್ಡದಲ್ಲ. "ಇದು ಯಾವ ವಿಧದ ಕ್ರಿಯೆ?" ಎಂಬುದರ ಜೊತೆಗೆ "ಹೇಗೆ ಗೊತ್ತು?" ಎಂಬ ಎರಡು ಪದಗಳನ್ನು ಸೇರಿಸಿ. ಅರ್ಧ ಅಂಕ ಹೆಸರಿಗೆ, ಒಂದೂವರೆ ಅಂಕ ಕಾರಣಕ್ಕೆ ಕೊಡಿ. ಮೆಗ್ನೀಸಿಯಂ ಉರಿಯುವುದನ್ನು ಒಂದು ಮಗು ಸಂಯೋಗವೆಂದು ಬರೆದು ಇನ್ನೊಂದು ಮಗು ಉತ್ಕರ್ಷಣವೆಂದು ಬರೆದರೆ ಇಬ್ಬರಿಗೂ ಪೂರ್ಣ ಅಂಕ ಸಲ್ಲಬೇಕು. ಮನೆಯಲ್ಲಿ ಮಕ್ಕಳಿಗೆ ಓದಿಸುವವರು ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಮೊದಲು ಯಾರು ಯಾರ ಜೊತೆಗಿದ್ದರು, ಈಗ ಯಾರ ಜೊತೆಗಿದ್ದಾರೆ? ಎಲೆಕ್ಟ್ರಾನ್ ಕೈಬದಲಾಯಿತೆ? ಕ್ರಿಯೆ ಮುಂದೆ ಸಾಗಲು ಕಾರಣವೇನು, ಅಂದರೆ ಶಾಖ ಹೊರಬಂತೆ, ಅನಿಲ ಹಾರಿತೆ, ಕರಗದ ವಸ್ತು ಹುಟ್ಟಿತೆ? ಈ ಮೂರಕ್ಕೂ ಉತ್ತರಿಸಿದ ಮಗುವಿಗೆ ಹೆಸರು ತಾನಾಗಿಯೇ ಬರುತ್ತದೆ.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಇದು ಅಂಕದ ಮಾತು ಮಾತ್ರವಲ್ಲ. ಸುಣ್ಣ ಕಣ್ಣಿಗೆ ಬಿದ್ದು ದೃಷ್ಟಿ ಕಳೆದುಕೊಂಡ ಮಕ್ಕಳು ನಮ್ಮ ದೇಶದಲ್ಲಿದ್ದಾರೆ. ಎಲೆಯಡಿಕೆಯ ಸುಣ್ಣದ ಪೊಟ್ಟಣ ಆಟಿಕೆಯಲ್ಲ. "ಸುಣ್ಣಕ್ಕೆ ನೀರು ಸೇರಿದರೆ ಶಾಖ ಬರುತ್ತದೆ" ಎಂದಷ್ಟೇ ಬಾಯಿಪಾಠ ಮಾಡಿದವನು ಕಣ್ಣಿಗೆ ನೀರು ಹಾಕಲು ಹಿಂಜರಿಯಬಹುದು. "ಆಮ್ಲವು ಪ್ರತ್ಯಾಮ್ಲವನ್ನು ತಟಸ್ಥಗೊಳಿಸುತ್ತದೆ" ಎಂದಷ್ಟೇ ಓದಿದವನು ನಿಂಬೆರಸ ಹಿಂಡುವ ಅವಿವೇಕಕ್ಕೂ ಹೋಗಬಹುದು. ಅರ್ಥ ಮಾಡಿಕೊಂಡವನಿಗೆ ಗೊತ್ತಿರುತ್ತದೆ: ಎಲೆಗೆ ಹಚ್ಚುವ ಸುಣ್ಣ ಆಗಲೇ ಅರಳಿದ ಸುಣ್ಣ, ನೀರಿನೊಡನೆ ಅದು ಇನ್ನು ಕಾಯುವುದಿಲ್ಲ, ಹಾನಿ ಮಾಡುವುದು ಅದರ ತೀಕ್ಷ್ಣವಾದ ಪ್ರತ್ಯಾಮ್ಲ ಗುಣ. ಆದ್ದರಿಂದ ತಕ್ಷಣ, ಒಂದು ಕ್ಷಣವೂ ತಡಮಾಡದೆ, ಶುದ್ಧ ನೀರನ್ನು ಧಾರಾಳವಾಗಿ ಬಹಳ ಹೊತ್ತು ಹರಿಸಿ ತೊಳೆಯಬೇಕು, ಆ ಬಳಿಕ ಆಸ್ಪತ್ರೆಗೆ ಓಡಬೇಕು. ಸುಟ್ಟ ಸುಣ್ಣದ ಹರಳು ಚರ್ಮದ ಮೇಲೆ ಬಿದ್ದಿದ್ದರೆ ಮೊದಲು ಒಣಗಿದ ಹುಡಿಯನ್ನು ಕೊಡವಿ, ನಂತರ ನೀರನ್ನು ಧಾರಾಳವಾಗಿ ಹರಿಸಬೇಕು. ಬಚ್ಚಲು ತೊಳೆಯುವಾಗ ಬ್ಲೀಚಿಂಗ್ ಪೌಡರನ್ನೂ ಆಸಿಡ್ಡನ್ನೂ ಒಟ್ಟಿಗೆ ಸುರಿದರೆ ಕ್ಲೋರಿನ್ ಅನಿಲ ಬರುತ್ತದೆ ಎಂಬುದೂ ಇದೇ ಅಧ್ಯಾಯದ ತಿಳಿವಳಿಕೆ. ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದವರೂ ಬಚ್ಚಲಲ್ಲಿ ಇದನ್ನು ಮರೆಯುತ್ತಾರೆ, ಏಕೆಂದರೆ ಪಾಠ ಅವರ ಮಟ್ಟಿಗೆ ಪುಸ್ತಕದಿಂದ ಹೊರಗೆ ಬಂದೇ ಇಲ್ಲ.

ತೋಟದ ಮಟ್ಟಿಗೂ ಹಾಗೆಯೇ. ಈಗಿನ ಯುವಕರು ಸಿದ್ಧ ಔಷಧಿಯ ಡಬ್ಬಿಯನ್ನು ತಂದು ಅದರ ಮೇಲಿನ ಅಳತೆಯಂತೆ ಕಲಸುತ್ತಾರೆ. ತಪ್ಪಲ್ಲ. ಆದರೆ ಮಳೆಯ ನಡುವೆ ಸಿಕ್ಕ ಎರಡು ದಿನದ ಬಿಸಿಲಿನಲ್ಲಿ, ಮರ ಹತ್ತುವ ಕೊನೆಗಾರ ಸಿಕ್ಕಿದಾಗಲೇ ಕೆಲಸ ಮುಗಿಯಬೇಕಾದಲ್ಲಿ, ದ್ರಾವಣ ಸರಿಯಾಗಿದೆಯೇ ಎಂದು ತಾನೇ ಪರೀಕ್ಷಿಸಿ ತಿಳಿಯುವ ಶಕ್ತಿ ಇದ್ದವನಿಗೂ ಇಲ್ಲದವನಿಗೂ ವ್ಯತ್ಯಾಸವಿದೆ. ಸುಣ್ಣ ಹಳೆಯದೇ ಹೊಸದೇ, ನಿನ್ನೆ ಉಳಿದ ದ್ರಾವಣವನ್ನು ಇಂದು ಹೊಡೆಯಬಹುದೇ ಎಂಬ ಪ್ರಶ್ನೆಗಳಿಗೆ ಉತ್ತರ ಕ್ರಿಯೆಯ ಒಳಗಿದೆ. ಉಳಿದ ದ್ರಾವಣ ಬೇಡ: ನಿಂತಷ್ಟೂ ನುಣುಪಾದ ಪ್ರಕ್ಷೇಪ ಒರಟಾಗಿ, ಕಾಯಿಗೆ ಅಂಟುವ ಗುಣ ಕಳೆದುಕೊಳ್ಳುತ್ತದೆ. ಆಯಾ ದಿನಕ್ಕೆ ಬೇಕಾದಷ್ಟನ್ನು ಆಯಾ ದಿನವೇ ಮಾಡಿಕೊಳ್ಳಬೇಕೆಂದು ಹಿರಿಯರು ಹೇಳುತ್ತಿದ್ದುದಕ್ಕೆ ಕಾರಣ ಇದೇ.

ನಿಮ್ಮಲ್ಲಿ ತೋಟವಿರುವವರು ಈ ಸಲ ಔಷಧಿ ಕಲಸುವ ದಿನ ಮಗುವನ್ನು ಓದಿನ ನೆಪದಲ್ಲಿ ಒಳಗೆ ಕೂರಿಸಬೇಡಿ. ಸುಣ್ಣ ಅರಳುವುದನ್ನು ದೂರದಿಂದ ತೋರಿಸಿ, ಮೈಲುತುತ್ತವನ್ನು ಬರಿಗೈಯಿಂದ ಮುಟ್ಟಬಾರದೆಂದು ಹೇಳಿ, ಕತ್ತಿಯನ್ನು ಅದ್ದಿ ನೋಡಲು ಮಗುವಿಗೇ ಬಿಡಿ. ಊರು ಬಿಟ್ಟು ಬೆಂಗಳೂರಿನಲ್ಲೋ ಪರದೇಶದಲ್ಲೋ ಇರುವವರಿಗೆ ಒಂದು ಮೊಳೆ, ಸ್ವಲ್ಪ ಮೈಲುತುತ್ತ ಸಿಗದಿರದು. ಕೆಂಪಾದ ಕತ್ತಿಯನ್ನು ನೋಡಿ ಮಗು "ಏಕೆ?" ಎಂದು ಕೇಳಿದರೆ ಉತ್ತರ ಹೇಳಲು ಅವಸರ ಮಾಡಬೇಡಿ. "ಕಬ್ಬಿಣದ ಮೇಲೆ ತಾಮ್ರ ಎಲ್ಲಿಂದ ಬಂತು, ಅದರ ಜಾಗಕ್ಕೆ ಹೋದವರು ಯಾರು?" ಎಂದು ಮರುಪ್ರಶ್ನೆ ಹಾಕಿ ಸುಮ್ಮನಿರಿ. ಪುಸ್ತಕದ ಮೊದಲ ಅಧ್ಯಾಯ ಅಲ್ಲಿಂದ ಶುರುವಾದರೆ, ಮುಂದಿನ ಅಧ್ಯಾಯಗಳನ್ನು ಮಗು ತಾನೇ ಓದಿಕೊಳ್ಳುತ್ತದೆ.